ಕೆಟ್ಟ ಸುದ್ದಿಯ ಬೆಲೆ: ಒಂದು ದಾನಿ ಸಂಸ್ಥೆ ಮತ್ತು ಒಂಬತ್ತು ಸ್ಥಳೀಯ ಗುಂಪುಗಳ ಪ್ರಕರಣ

ಈ ಅಧ್ಯಯನದಲ್ಲಿ ಬರುವ ದಾನಿ ಸಂಸ್ಥೆಯ, ಗುಂಪುಗಳ ಮತ್ತು ವ್ಯಕ್ತಿಗಳ ಹೆಸರುಗಳನ್ನು ಕೈಬಿಡಲಾಗಿದೆ. ಗುರುತು ಹಿಡಿಯಲು ನೆರವಾಗಬಹುದಾದ ಸ್ಥಳ, ಇಸವಿ, ಮೊತ್ತಗಳನ್ನೂ ಹೇಳಿಲ್ಲ. ಕೆಲವು ಹೊರವಿವರಗಳನ್ನು ಉದ್ದೇಶಪೂರ್ವಕವಾಗಿಯೇ ಬದಲಿಸಲಾಗಿದೆ. ಘಟನೆಗಳ ಕ್ರಮವನ್ನೂ ನಿರ್ಧಾರಗಳ ಹಿಂದಿನ ಕಾರಣಗಳನ್ನೂ ಮಾತ್ರ ಮುಟ್ಟಿಲ್ಲ. ಅನುದಾನ ಕೊಡುವವರಿಗೂ ಪಡೆಯುವವರಿಗೂ ನಡುವೆ ಸಂಬಂಧ ಬೆಳೆಯುವುದು ಹೇಗೆ ಎಂದು ಕೇಳಿದರೆ ‘ನಂಬಿಕೆಯಿಂದ’ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಉತ್ತರವೇನೋ ಸರಿಯೇ, ಆದರೆ ಮರುದಿನ ಕಚೇರಿಯಲ್ಲಿ ಕುಳಿತು ಯಾವ ಕಾಗದವನ್ನು ಹೇಗೆ ಬರೆಯಬೇಕೆಂಬುದನ್ನು ಅದು ಹೇಳುವುದಿಲ್ಲ. ಈ ಪ್ರಕರಣದಲ್ಲಿ ನಂಬಿಕೆ ಕಟ್ಟಿದ್ದೂ ಒಡೆದದ್ದೂ ಅರ್ಜಿಯ ನಮೂನೆ, ಕಂತಿನ ಷರತ್ತು, ವರದಿಯ ಕಾಲಂ, ಕಡತದ ಟಿಪ್ಪಣಿ ಮುಂತಾದ ಒಣ ಸಂಗತಿಗಳಲ್ಲಿಯೇ ಆದ್ದರಿಂದ, ಅವುಗಳನ್ನೇ ಹಿಡಿದು ಹೋಗುವುದು ಉಚಿತವೆನಿಸಿತು.

ಹಿನ್ನೆಲೆ

ಒಂದು ಕುಟುಂಬದ ದತ್ತಿಯಿಂದ ಹುಟ್ಟಿದ ಈ ಸಂಸ್ಥೆ ಎರಡು ದಶಕಗಳ ಕಾಲ ಆರೋಗ್ಯ ಮತ್ತು ಶಿಕ್ಷಣ ಕ್ಷೇತ್ರಗಳ ದೊಡ್ಡ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ನೀಡುತ್ತ ಬಂದಿತ್ತು. ಪದೇ ಪದೇ ನೆರೆಗೆ ತುತ್ತಾಗುವ ಒಂದು ನದಿತೀರದ ಪ್ರದೇಶದಲ್ಲಿ ಅದು ನೆರವು ನೀಡಿದ ಯೋಜನೆಯೊಂದು ಮುಗಿದ ಮೇಲೆ ಹೊರಗಿನವರಿಂದ ಮೌಲ್ಯಮಾಪನ ಮಾಡಿಸಲಾಯಿತು. ಅನುದಾನ ಪಡೆದಿದ್ದ ದೊಡ್ಡ ಸಂಸ್ಥೆ ಊರು ಬಿಟ್ಟ ಬಳಿಕವೂ ಅಲ್ಲಿ ಉಳಿದುಕೊಂಡಿದ್ದ ಕೆಲಸವನ್ನೆಲ್ಲ ಮಾಡುತ್ತಿದ್ದವರು ಯಾವ ವರದಿಯಲ್ಲೂ ಹೆಸರು ಕಾಣದ ಸಣ್ಣ ಗುಂಪುಗಳವರು ಎಂಬ ಅಂಶ ಆ ವರದಿಯ ಕೊನೆಯ ಪುಟಗಳಲ್ಲಿ, ಹೆಚ್ಚು ಒತ್ತಿ ಹೇಳದೆ, ದಾಖಲಾಗಿತ್ತು. ಟ್ರಸ್ಟಿಗಳಲ್ಲಿ ಒಬ್ಬರು ಅದನ್ನು ಗಮನಿಸಿದರು. ವಾರ್ಷಿಕ ಅನುದಾನದ ಒಂದು ಸಣ್ಣ ಪಾಲನ್ನು ಐದು ವರ್ಷಗಳ ಕಾಲ ಇಂಥ ಗುಂಪುಗಳಿಗೆ ನೇರವಾಗಿ ನೀಡುವುದೆಂದು ಮುಂದಿನ ಸಭೆಯಲ್ಲಿ ಠರಾವಾಯಿತು.

ಕೊನೆಗೆ ಅನುದಾನ ಪಡೆದ ಗುಂಪುಗಳು ಒಂಬತ್ತು. ಅವುಗಳಲ್ಲಿ ನಾಲ್ಕರ ಕಥೆ ಇಲ್ಲಿ ಮುಖ್ಯವಾಗುತ್ತದೆ. ಒಂಟಿಯಾಗಿ ಬದುಕುವ ವೃದ್ಧರ ಮನೆಗಳಿಗೆ ಸರದಿಯ ಮೇಲೆ ಹೋಗಿ ನೋಡಿಕೊಳ್ಳುವ ಮಹಿಳೆಯರದ್ದು ಒಂದು. ಅದನ್ನು ಆರೈಕೆ ಗುಂಪು ಎನ್ನೋಣ. ಅಂಗವಿಕಲ ಮಕ್ಕಳ ತಂದೆತಾಯಿಯರದ್ದು ಪಾಲಕರ ಗುಂಪು. ಯುವಕ ಯುವತಿಯರು ಬಾಡಿಗೆ ಕೋಣೆಯೊಂದರಲ್ಲಿ ನಡೆಸುತ್ತಿದ್ದ ವಾಚನಾಲಯದ್ದು ಓದು ಗುಂಪು. ನೆರೆ ಬಂದಾಗ ಜನರನ್ನು ಸಾಗಿಸುವ, ಬಾರದ ತಿಂಗಳುಗಳಲ್ಲಿ ಬಹುಮಟ್ಟಿಗೆ ಸುಮ್ಮನಿರುವ ಸ್ವಯಂಸೇವಕರದ್ದು ನೆರೆ ಸಮಿತಿ. ಈ ನಾಲ್ಕರಲ್ಲಿ ಪಾಲಕರ ಗುಂಪಿಗೆ ಮಾತ್ರ ನೋಂದಣಿಯಾಗಿತ್ತು.

ಮೊದಲ ಸುತ್ತು

ಸಂಸ್ಥೆ ತನಗೆ ಗೊತ್ತಿದ್ದ ರೀತಿಯಲ್ಲಿಯೇ ಕೆಲಸ ಆರಂಭಿಸಿತು. ಪ್ರಕಟಣೆ ಹೊರಡಿಸಿ, ಪ್ರಸ್ತಾವನೆಗಳನ್ನು ಆಹ್ವಾನಿಸಿತು. ಇಪ್ಪತ್ತು ಪುಟಗಳ ನಮೂನೆ, ಮೂರು ವರ್ಷಗಳ ಲೆಕ್ಕಪರಿಶೋಧಿತ ಪತ್ರಗಳು, ನೋಂದಣಿಯ ಪ್ರತಿ, ಪದಾಧಿಕಾರಿಗಳ ಪಟ್ಟಿ, ನಿರೀಕ್ಷಿತ ಫಲಿತಾಂಶಗಳ ಕೋಷ್ಟಕ ಇವೆಲ್ಲವನ್ನೂ ಕೇಳಲಾಗಿತ್ತು. ಅರ್ಜಿಗಳು ಬೇಕಾದಷ್ಟು ಬಂದವು, ಚೆನ್ನಾಗಿಯೂ ಇದ್ದವು. ಆದರೆ ಸ್ಥಳಕ್ಕೆ ಹೋಗಿ ನೋಡಿದಾಗ, ಆಯ್ಕೆಯಾದವುಗಳಲ್ಲಿ ಬಹುಪಾಲು ಗುಂಪುಗಳು ಹಿಂದೆ ಅಲ್ಲಿ ಕೆಲಸ ಮಾಡಿದ್ದ ದೊಡ್ಡ ಸಂಸ್ಥೆಗಳ ನೆರಳುಗಳೆಂಬುದು ಬಯಲಾಯಿತು: ಪ್ರಸ್ತಾವನೆ ಬರೆದವರು ನಗರದಲ್ಲಿದ್ದರು, ಸಹಿ ಹಾಕಿದವರು ಊರಿನಲ್ಲಿದ್ದರು. ಇದರಲ್ಲಿ ವಂಚನೆ ಇತ್ತೆಂದು ನಾನು ಹೇಳಲಾರೆ. ಪ್ರಸ್ತಾವನೆ ಬರೆಯಬಲ್ಲವರನ್ನು ಹುಡುಕುವ ಜರಡಿಯನ್ನು ಹಿಡಿದಿದ್ದ ಸಂಸ್ಥೆಗೆ ಅಂಥವರೇ ಸಿಕ್ಕರು, ಅಷ್ಟೆ.

ಆ ಸುತ್ತನ್ನು ರದ್ದುಮಾಡಲಾಯಿತು. ಆಯ್ಕೆಯಾಗಿದ್ದವರಿಗೆ ಕಾರಣ ತಿಳಿಸಿ ಪತ್ರ ಬರೆದದ್ದನ್ನು ಬಿಟ್ಟರೆ ಇದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ.

ಕೇಳಿಸಿಕೊಳ್ಳುವ ವರ್ಷ ಮತ್ತು ಅದರ ಖರ್ಚು

ಮುಂದೇನು ಎಂಬ ಚರ್ಚೆಯಲ್ಲಿ ಟ್ರಸ್ಟಿಗಳ ಎದುರು ಇಂಗ್ಲೆಂಡಿನ ‘ಬಿಗ್ ಲೋಕಲ್’ ಕಾರ್ಯಕ್ರಮದ ಉದಾಹರಣೆ ಬಂದಿತು. ಅಲ್ಲಿ ಲಾಟರಿ ನಿಧಿಯ ಹಣದಿಂದ 150 ಪ್ರದೇಶಗಳಿಗೆ ತಲಾ ಸುಮಾರು 10 ಲಕ್ಷ ಪೌಂಡುಗಳನ್ನು ಹತ್ತು ವರ್ಷಗಳಿಗೂ ಮೀರಿದ ಅವಧಿಗೆ ಮೀಸಲಿಟ್ಟು, ಅದನ್ನು ಯಾವುದಕ್ಕೆ ಬಳಸಬೇಕೆಂಬ ನಿರ್ಧಾರವನ್ನು ನಿವಾಸಿಗಳೇ ಬಹುಸಂಖ್ಯೆಯಲ್ಲಿರುವ ಸಮಿತಿಗಳಿಗೆ ಬಿಡಲಾಗಿತ್ತು. ನಮ್ಮ ಸಂಸ್ಥೆಯ ಟ್ರಸ್ಟಿಗಳಿಗೆ ಅಷ್ಟು ದೂರ ಹೋಗುವ ಧೈರ್ಯವಿರಲಿಲ್ಲ. ಅವರು ಆರಿಸಿಕೊಂಡದ್ದು ಮಧ್ಯದ ದಾರಿಯನ್ನು: ಅರ್ಜಿಗಳನ್ನು ಕೈಬಿಟ್ಟು, ಆ ಪ್ರದೇಶದಲ್ಲಿಯೇ ವಾಸಿಸುವ ಒಬ್ಬ ಕ್ಷೇತ್ರಾಧಿಕಾರಿಯನ್ನು ನೇಮಿಸಿ, ಒಂದು ವರ್ಷ ಹಣದ ಮಾತೆತ್ತದೆ ಜನರನ್ನು ಭೇಟಿಯಾಗುವಂತೆ ಅವರಿಗೆ ಸೂಚಿಸಿದರು.

ಕೇಳಲು ಚೆಂದವಾಗಿರುವ ಈ ಉಪಾಯಕ್ಕೆ ಇನ್ನೊಂದು ಮುಖವೂ ಇತ್ತು. ದಾನಿ ಸಂಸ್ಥೆಯ ಪ್ರತಿನಿಧಿ ಮನೆಬಾಗಿಲಿಗೆ ಬಂದಾಗ ಹಣದ ಮಾತು ಯಾರ ಬಾಯಲ್ಲೂ ಬಾರದಿದ್ದರೂ ಎಲ್ಲರ ಮನಸ್ಸಿನಲ್ಲಿ ಅದೇ ಇರುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಸಭೆಗೆ ಬರುವವರ ಸಂಖ್ಯೆ ಕಡಿಮೆಯಾಯಿತು. ನಿಮ್ಮ ಕೇಳುವಿಕೆಗೆ ಸಂಬಳವಿದೆ, ನಮ್ಮ ಹೇಳುವಿಕೆಗೆ ಒಂದು ದಿನದ ಕೂಲಿ ಹೋಗುತ್ತದೆ ಎಂದು ಆರೈಕೆ ಗುಂಪಿನ ಹಿರಿಯ ಸದಸ್ಯೆಯೊಬ್ಬರು ನೇರವಾಗಿಯೇ ಹೇಳಿದರು. ನಾಗರಿಕರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ 1969ರಲ್ಲಿ ವಿವರಿಸಿದ ಶೆರಿ ಆರ್ನ್‌ಸ್ಟೈನ್ ಅವರು, ಅಭಿಪ್ರಾಯ ಕೇಳುವುದನ್ನು ನಾಲ್ಕನೆಯ ಮೆಟ್ಟಿಲಲ್ಲಿ, ಅಂದರೆ ಅಧಿಕಾರ ಇನ್ನೂ ಕೈ ಬದಲಿಸದ ಹಂತದಲ್ಲಿ ಇರಿಸಿದ್ದರು. ಆ ಸದಸ್ಯೆ ತಮ್ಮ ಮಾತಿನಲ್ಲಿ ಗುರುತಿಸಿದ್ದು ಅದನ್ನೇ.

ಕ್ಷೇತ್ರಾಧಿಕಾರಿ ಸಭೆಗೆ ಬಂದವರಿಗೆ ದಿನಭತ್ಯೆ ಮತ್ತು ಪ್ರಯಾಣದ ವೆಚ್ಚ ಕೊಡಬೇಕೆಂದು ಪ್ರಸ್ತಾಪಿಸಿದರು. ಹಣಕಾಸು ವಿಭಾಗ ವಿರೋಧಿಸಿತು. ಭತ್ಯೆಗಾಗಿಯೇ ಬರುವವರು ಹೆಚ್ಚುತ್ತಾರೆಂಬುದು ಅವರ ವಾದ. ಆ ಭಯ ಆಧಾರವಿಲ್ಲದ್ದೇನೂ ಆಗಿರಲಿಲ್ಲ. ಕೊನೆಗೆ, ಭತ್ಯೆಯನ್ನು ವ್ಯಕ್ತಿಗಳ ಬದಲಿಗೆ ಗುಂಪಿಗೆ ಕೊಡುವುದು, ಸಭೆಗೆ ಯಾರು ಬರಬೇಕೆಂಬುದನ್ನು ಗುಂಪೇ ತೀರ್ಮಾನಿಸುವುದು ಎಂಬ ಏರ್ಪಾಟಿಗೆ ಎರಡೂ ಕಡೆಯವರು ಒಪ್ಪಿದರು. ಈ ಸಣ್ಣ ಮೊತ್ತವೇ ಹಲವು ಗುಂಪುಗಳಿಗೆ ಸಂಸ್ಥೆಯಿಂದ ಸಿಕ್ಕ ಮೊದಲ ಹಣವಾಯಿತು. ಅದಕ್ಕೆ ರಸೀದಿ ಬರೆಯುವುದು, ನಡಾವಳಿ ಪುಸ್ತಕ ಇಡುವುದು, ಹಂಚಿಕೆಯ ಬಗ್ಗೆ ಒಳಜಗಳ ಬಗೆಹರಿಸುವುದು ಎಲ್ಲವೂ ದೊಡ್ಡ ಅನುದಾನ ಬರುವ ಮೊದಲೇ ರೂಢಿಯಾದವು. ಯಾರೂ ಯೋಜಿಸದೆ ಸಿಕ್ಕ ಲಾಭವಿದು.

ಆಶ್ರಯ ಸಂಸ್ಥೆಯ ತೊಡಕು

ನೋಂದಣಿಯಿಲ್ಲದ ಗುಂಪುಗಳ ಕೈಗೆ ಹಣ ತಲುಪಿಸುವುದು ಹೇಗೆಂಬುದು ಮುಂದಿನ ಪ್ರಶ್ನೆ. ಎಲ್ಲ ಗುಂಪುಗಳನ್ನೂ ನೋಂದಾಯಿಸಿಬಿಡೋಣವೆಂಬ ಸಲಹೆ ಬಂದಾಗ ನೆರೆ ಸಮಿತಿಯವರು ಒಪ್ಪಲಿಲ್ಲ: ವರ್ಷಕ್ಕೆ ಮೂರು ತಿಂಗಳು ಮಾತ್ರ ಜೀವ ತಳೆಯುವ ತಮ್ಮ ಸಮಿತಿಗೆ ಹನ್ನೆರಡು ತಿಂಗಳ ಕಾಗದಪತ್ರದ ಹೊರೆ ಏಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಬಿಗ್ ಲೋಕಲ್‌ನಲ್ಲಿಯೂ ನಿವಾಸಿಗಳ ಸಮಿತಿಗಳಿಗೆ ಕಾನೂನಿನ ಅಸ್ತಿತ್ವ ಇರಬೇಕೆಂಬ ಷರತ್ತಿರಲಿಲ್ಲ. ಸ್ಥಳೀಯರ ವಿಶ್ವಾಸ ಪಡೆದ ಒಂದು ನೋಂದಾಯಿತ ಸಂಸ್ಥೆ ಅವರ ಪರವಾಗಿ ಹಣವನ್ನು ಇಟ್ಟುಕೊಳ್ಳುತ್ತಿತ್ತು. ಅದೇ ಮಾದರಿಯಲ್ಲಿ ಇಲ್ಲಿಯೂ ಒಂದು ಆಶ್ರಯ ಸಂಸ್ಥೆಯನ್ನು ಗೊತ್ತುಮಾಡಿ, ಲೆಕ್ಕಪತ್ರ ನಿರ್ವಹಣೆಗೆಂದು ಅನುದಾನದ ಸಣ್ಣ ಅಂಶವನ್ನು ಅದಕ್ಕೆ ನೀಡಲಾಯಿತು.

ಮೊದಲ ವರ್ಷದ ಮಧ್ಯದಲ್ಲಿ ಎರಡು ಗುಂಪುಗಳ ಕಂತು ನಿಂತುಹೋಯಿತು. ಬಳಕೆ ಪ್ರಮಾಣಪತ್ರ ನಿಗದಿತ ನಮೂನೆಯಲ್ಲಿಲ್ಲವೆಂದು ಆಶ್ರಯ ಸಂಸ್ಥೆಯ ಲೆಕ್ಕಿಗರು ತಡೆಹಿಡಿದಿದ್ದರು. ಅಂಥ ನಮೂನೆಯನ್ನು ದಾನಿ ಸಂಸ್ಥೆ ಕೇಳಿಯೇ ಇರಲಿಲ್ಲ. ತನ್ನ ಲೆಕ್ಕಪರಿಶೋಧನೆಯಲ್ಲಿ ತೊಂದರೆಯಾಗಬಾರದೆಂಬ ಕಾಳಜಿಯಿಂದ ಆಶ್ರಯ ಸಂಸ್ಥೆಯೇ ಅದನ್ನು ರೂಪಿಸಿಕೊಂಡಿತ್ತು. ಗುಂಪುಗಳಿಗೆ ಮಾತ್ರ ಇದು ದಾನಿಯದೇ ಆಜ್ಞೆಯೆಂದು ತೋರಿತು, ಏಕೆಂದರೆ ನಡುವಿನವರು ‘ಮೇಲಿನವರು ಕೇಳುತ್ತಾರೆ’ ಎಂದೇ ಹೇಳುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಹಳೆಯ ಮಾತು ಆ ದಿನಗಳ ಸಭೆಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಕೇಳಿಬಂದಿತಂತೆ. ಪರಿಹಾರ ಸರಳವಾಗಿತ್ತು: ದಾನಿ, ಆಶ್ರಯ ಸಂಸ್ಥೆ ಮತ್ತು ಗುಂಪು ಮೂವರೂ ಸಹಿ ಹಾಕುವ ಎರಡು ಪುಟದ ಒಡಂಬಡಿಕೆಯಲ್ಲಿ, ಕಂತು ಬಿಡುಗಡೆಗೆ ಬೇಕಾದ ದಾಖಲೆಗಳ ಪೂರ್ಣ ಪಟ್ಟಿಯನ್ನು ಬರೆದು, ಅದರಾಚೆಗೆ ಯಾರೂ ಏನನ್ನೂ ಕೇಳುವಂತಿಲ್ಲವೆಂದು ಸೇರಿಸಲಾಯಿತು. ಜೊತೆಗೆ ಹಣ ತಡವಾದರೆ ಏಕೆಂದು ಗುಂಪು ನೇರವಾಗಿ ದಾನಿಯನ್ನೇ ಕೇಳಬಹುದೆಂಬ ಸಾಲೂ ಬಂತು.

ಛಾಯಾಚಿತ್ರದ ಪ್ರಶ್ನೆ ಇದೇ ಅವಧಿಯದು. ತ್ರೈಮಾಸಿಕ ವರದಿಯೊಂದಿಗೆ ಚಟುವಟಿಕೆಗಳ ಚಿತ್ರಗಳನ್ನು ಕಳುಹಿಸಬೇಕಿತ್ತು. ತಮ್ಮ ಮಕ್ಕಳ ಚಿತ್ರ ಕೊಡುವುದಿಲ್ಲವೆಂದು ಪಾಲಕರ ಗುಂಪು ಲಿಖಿತವಾಗಿಯೇ ತಿಳಿಸಿತು. ಪ್ರಚಾರ ವಿಭಾಗದವರಿಗೆ ಬೇಸರವಾದರೂ, ಆಡಳಿತ ಮುಖ್ಯಸ್ಥರು ಎಲ್ಲ ಗುಂಪುಗಳಿಗೂ ಚಿತ್ರದ ಷರತ್ತನ್ನೇ ತೆಗೆದುಹಾಕಿದರು. ಒಂದು ಗುಂಪಿಗೆ ವಿನಾಯಿತಿ ಕೊಡುವುದಕ್ಕೂ ಎಲ್ಲರಿಗೂ ನಿಯಮ ಬದಲಿಸುವುದಕ್ಕೂ ಬಹಳ ಅಂತರವಿದೆ. ವಿನಾಯಿತಿ ಪಡೆದವರು ಋಣಿಗಳಾಗಿ ಉಳಿಯುತ್ತಾರೆ, ಕೇಳಲು ಬಾಯಿಯಿಲ್ಲದವರು ಹಳೆಯ ನಿಯಮದಡಿಯಲ್ಲೇ ಇರುತ್ತಾರೆ.

ತಿರುವು

ಇಡೀ ಪ್ರಕರಣದ ಕೇಂದ್ರ ಎರಡನೆಯ ವರ್ಷದ ಒಂದು ಕಂತು. ಆರೈಕೆ ಗುಂಪಿನ ಬಜೆಟ್ಟಿನಲ್ಲಿ ಸದಸ್ಯೆಯರ ತರಬೇತಿಗೆಂದು ಒಂದು ಮೊತ್ತವಿತ್ತು. ಆ ವರ್ಷ ನೆರೆ ಬಂದಾಗ ಹಾಸಿಗೆ ಹಿಡಿದಿದ್ದ ಕೆಲವು ವೃದ್ಧರನ್ನು ಸ್ಥಳಾಂತರಿಸಬೇಕಾಯಿತು; ವಾಹನದ ಬಾಡಿಗೆಗೂ ಅನಂತರದ ಔಷಧಗಳಿಗೂ ತರಬೇತಿಯ ಹಣ ಖರ್ಚಾಯಿತು. ಯಾರನ್ನೂ ಕೇಳಲು ಸಮಯವಿರಲಿಲ್ಲ. ಮುಂದಿನ ಭೇಟಿಯಲ್ಲಿ ಗುಂಪಿನ ಸಂಚಾಲಕಿ ಇದನ್ನು ಕ್ಷೇತ್ರಾಧಿಕಾರಿಗೆ ತಾವಾಗಿಯೇ ತಿಳಿಸಿದರು. ಮುಚ್ಚಿಡುವ ಆಲೋಚನೆ ಅವರಿಗೆ ಬಂದಿರಲಿಲ್ಲ, ಏಕೆಂದರೆ ತಪ್ಪು ಮಾಡಿದೆವೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

ಕ್ಷೇತ್ರಾಧಿಕಾರಿಯ ಮುಂದೆ ಎರಡು ದಾರಿಗಳಿದ್ದವು. ವರದಿಯಲ್ಲಿ ಬರೆದರೆ ಶೀರ್ಷಿಕೆ ಮೀರಿದ ವೆಚ್ಚವೆಂದು, ಅಂದರೆ ಬಜೆಟ್ಟಿನಲ್ಲಿ ಒಂದು ಬಾಬ್ತಿಗೆ ಮಂಜೂರಾದ ಹಣವನ್ನು ಇನ್ನೊಂದಕ್ಕೆ ಬಳಸಲಾಗಿದೆಯೆಂದು, ಕಂತು ನಿಲ್ಲಬಹುದು. ಬರೆಯದಿದ್ದರೆ ತಾವೇ ಮುಚ್ಚಿಟ್ಟಂತಾಗುತ್ತದೆ, ಮತ್ತು ವರ್ಷಾಂತ್ಯದ ಲೆಕ್ಕದಲ್ಲಿ ಅದು ಹೇಗೂ ಕಾಣಿಸಿಕೊಳ್ಳುತ್ತದೆ. ಅವರು ಬರೆದರು, ಗುಂಪು ಸರಿಯಾದ ಕೆಲಸವನ್ನೇ ಮಾಡಿತೆಂಬ ತಮ್ಮ ಅಭಿಪ್ರಾಯವನ್ನೂ ಜೊತೆಗೆ ಬರೆದರು. ಹಣಕಾಸು ಸಮಿತಿ ಅಭಿಪ್ರಾಯವನ್ನು ಬದಿಗಿಟ್ಟು ನಿಯಮವನ್ನು ಓದಿತು. ವಿವರಣೆ ಬರುವವರೆಗೆ ಮುಂದಿನ ಕಂತನ್ನು ತಡೆಯಲಾಯಿತು. ವಿವರಣೆ ಕೇಳಿದ ಪತ್ರ ಹೋಯಿತು, ಉತ್ತರ ಬಂತು, ಸಮಿತಿಯ ಮುಂದಿನ ಸಭೆಗೆ ಕಾಯಬೇಕಾಯಿತು. ಎಲ್ಲ ಸೇರಿ ಆರು ವಾರ. ಆ ಆರು ವಾರ ಗುಂಪಿನ ಇಬ್ಬರು ಸದಸ್ಯೆಯರು ತಮ್ಮ ಸಣ್ಣ ಸಂಭಾವನೆಯಿಲ್ಲದೆ ಕೆಲಸ ಮಾಡಿದರು, ಒಬ್ಬರು ಬಿಟ್ಟುಹೋದರು. ಕೊನೆಗೆ ಸಮಿತಿ ವೆಚ್ಚವನ್ನು ಮಾನ್ಯಮಾಡಿ ಕಂತನ್ನು ಪೂರ್ತಿಯಾಗಿ ಬಿಡುಗಡೆ ಮಾಡಿತು. ಕಚೇರಿಯ ದೃಷ್ಟಿಯಲ್ಲಿ ಪ್ರಕರಣ ಅಲ್ಲಿಗೆ ಮುಗಿದಿತ್ತು.

ಸುದ್ದಿ ಎಲ್ಲ ಗುಂಪುಗಳಿಗೂ ತಲುಪಲು ಆರು ವಾರವೇನೂ ಬೇಕಾಗಲಿಲ್ಲ. ಮುಂದಿನ ಎರಡು ತ್ರೈಮಾಸಿಕಗಳ ವರದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಪರಿಣಾಮ ಎದ್ದು ಕಾಣುತ್ತದೆ. ಅದುವರೆಗೆ ವರದಿಗಳಲ್ಲಿ ಕೋಣೆಯ ಮಾಲೀಕರೊಂದಿಗಿನ ಜಗಳ, ಸಭೆಗೆ ಬಾರದ ಸದಸ್ಯರು, ನಿರೀಕ್ಷೆಗಿಂತ ಹೆಚ್ಚಾದ ಇಂಧನದ ಖರ್ಚು ಮುಂತಾದ ಸಂಗತಿಗಳಿರುತ್ತಿದ್ದವು. ಈಗ ಪ್ರತಿ ಶೀರ್ಷಿಕೆಯಲ್ಲೂ ಮಂಜೂರಾದಷ್ಟೇ ವೆಚ್ಚ, ಪ್ರತಿ ಚಟುವಟಿಕೆಯೂ ನಿಗದಿತ ದಿನಾಂಕಕ್ಕೆ ಮುಕ್ತಾಯ. ಹಣಕಾಸು ವಿಭಾಗ ಇದನ್ನು ಶಿಸ್ತು ಸುಧಾರಿಸಿದ ಲಕ್ಷಣವೆಂದು ಟ್ರಸ್ಟಿಗಳಿಗೆ ವರದಿ ಮಾಡಿತು. ಯಾವುದೇ ಅಳತೆಯನ್ನು ಸಾಮಾಜಿಕ ನಿರ್ಧಾರಗಳಿಗೆ ಆಧಾರವಾಗಿ ಬಳಸಿದಷ್ಟೂ ಆ ಅಳತೆಯೇ ಕೆಡುವ ಒತ್ತಡ ಹೆಚ್ಚುತ್ತದೆ ಎಂದು ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಬೆಲ್ 1970ರ ದಶಕದಲ್ಲಿಯೇ ಎಚ್ಚರಿಸಿದ್ದರು. ಇಲ್ಲಿ ಕೆಟ್ಟದ್ದು ವರದಿಯೆಂಬ ಅಳತೆ. ಕ್ಷೇತ್ರಾಧಿಕಾರಿಗೆ ಅದು ಬೇರೆ ದಾರಿಯಿಂದ ತಿಳಿಯಿತು. ಅವರು ಹೋದಾಗ ಮಾತು ನಿಲ್ಲುತ್ತಿತ್ತು.

ವರದಿಗಳು ಕೆಡುವುದಕ್ಕೆ ಕಾರಣ ಜನರ ಅಪ್ರಾಮಾಣಿಕತೆಯೆಂದು ಭಾವಿಸಿದರೆ ಇನ್ನಷ್ಟು ತಪಾಸಣೆಯೇ ಮದ್ದೆಂದು ತೋರುತ್ತದೆ, ಮತ್ತು ಟ್ರಸ್ಟಿಯೊಬ್ಬರು ಅದನ್ನೇ ಸೂಚಿಸಿದ್ದರು. ಕ್ಷೇತ್ರಾಧಿಕಾರಿಯ ವಾದ ಬೇರೆಯಾಗಿತ್ತು. ಕೆಟ್ಟ ಸುದ್ದಿ ಹೇಳುವುದಕ್ಕೆ ಒಂದು ಬೆಲೆಯಿದೆ. ಸದ್ಯಕ್ಕೆ ಆ ಬೆಲೆಯನ್ನು ಪೂರ್ತಿಯಾಗಿ ಗುಂಪೇ ತೆರುತ್ತಿದೆ, ಕೇಳುವ ಸಂಸ್ಥೆಗೆ ಅದರಿಂದ ಖರ್ಚಿಲ್ಲ. ಎಲ್ಲಿಯವರೆಗೆ ಆ ಲೆಕ್ಕ ಹೀಗೆಯೇ ಇರುತ್ತದೋ ಅಲ್ಲಿಯವರೆಗೆ ಸಂಸ್ಥೆಗೆ ತಲುಪುವುದು ಒಳ್ಳೆಯ ಸುದ್ದಿ ಮಾತ್ರ. ಈ ಟಿಪ್ಪಣಿಯನ್ನು ಓದಿದ ಮೇಲೆ ನಿಲುವು ಬದಲಿಸಿದವರು ಹಣಕಾಸು ವಿಭಾಗದ ಮುಖ್ಯಸ್ಥರು. ಅವರ ಕಾರಣ ಭಾವನಾತ್ಮಕವಾಗಿರಲಿಲ್ಲ: ನಿಜವಲ್ಲದ ಲೆಕ್ಕದ ಮೇಲೆ ತಾವು ಸಹಿ ಹಾಕುತ್ತಿದ್ದೇವೆಂಬುದು ಅವರನ್ನು ಕಾಡಿತು.

ಬದಲಾದ ಷರತ್ತುಗಳು

ಮೂರನೆಯ ವರ್ಷದ ಒಡಂಬಡಿಕೆಯನ್ನು ಹೊಸದಾಗಿ ಬರೆಯಲಾಯಿತು. ಒಟ್ಟು ಅನುದಾನದ ಕಾಲುಭಾಗದವರೆಗೆ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಯಾರನ್ನೂ ಕೇಳದೆ ವರ್ಗಾಯಿಸಬಹುದು, ಕಾರಣವನ್ನು ಮುಂದಿನ ವರದಿಯಲ್ಲಿ ಒಂದೆರಡು ವಾಕ್ಯಗಳಲ್ಲಿ ಬರೆದರೆ ಸಾಕು ಎಂಬುದು ಮೊದಲ ಬದಲಾವಣೆ. ಗುಂಪು ತಾನಾಗಿಯೇ ತಿಳಿಸಿದ ಯಾವ ತೊಂದರೆಯೂ ಅಷ್ಟರಿಂದಲೇ ಕಂತು ತಡೆಯುವುದಕ್ಕೆ ಕಾರಣವಾಗದು. ತಡೆಯಲೇಬೇಕೆನಿಸಿದರೆ ಗುಂಪಿನ ಮಾತು ಕೇಳಿದ ಮೇಲೆ, ಅದೂ ಹತ್ತು ದಿನಗಳೊಳಗೆ ತೀರ್ಮಾನಿಸಬೇಕು. ಆ ಅವಧಿಯಲ್ಲಿಯೂ ದುಡಿಯುವವರ ಸಂಭಾವನೆಯ ಪಾಲು ನಿಲ್ಲದೆ ಹೋಗುತ್ತಿರಬೇಕು ಎಂಬುದು ಎರಡನೆಯದು. ನನ್ನ ಅಭಿಪ್ರಾಯದಲ್ಲಿ ಈ ಕೊನೆಯ ಉಪವಾಕ್ಯವೇ ಇಡೀ ಒಡಂಬಡಿಕೆಯಲ್ಲಿ ಅತ್ಯಂತ ಮುಖ್ಯವಾದದ್ದು, ಏಕೆಂದರೆ ವಿಳಂಬದ ಹೊರೆಯನ್ನು ಹೊರುವವರು ಯಾರೆಂಬುದನ್ನು ಅದೊಂದೇ ಬದಲಾಯಿಸುತ್ತದೆ.

ಆಡಳಿತ ವೆಚ್ಚದ ಮಿತಿಯೂ ಚರ್ಚೆಗೆ ಬಂತು. ಅಮೆರಿಕದಲ್ಲಿ ದಾನ ಸಂಸ್ಥೆಗಳನ್ನು ಅಳೆದು ಮಾಹಿತಿ ನೀಡುವ ಮೂರು ಸಂಸ್ಥೆಗಳ ಮುಖ್ಯಸ್ಥರು 2013ರಲ್ಲಿ ದಾನಿಗಳಿಗೆ ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚದ ಶೇಕಡಾವಾರನ್ನೇ ಸಂಸ್ಥೆಯೊಂದರ ಯೋಗ್ಯತೆಯ ಅಳತೆಯಾಗಿ ಬಳಸುವುದು ಸರಿಯಲ್ಲವೆಂದು ಹೇಳಿದ್ದರು. ಸಣ್ಣ ಗುಂಪುಗಳ ವಿಷಯದಲ್ಲಿ ಆ ಮಾತು ಇನ್ನೂ ಹೆಚ್ಚು ನಿಜ: ವಾಚನಾಲಯಕ್ಕೆ ಪುಸ್ತಕ ‘ಕಾರ್ಯಕ್ರಮ’ದ ವೆಚ್ಚವಾಗಿ, ಅದು ಬಾಗಿಲು ತೆರೆದಿರಲು ಬೇಕಾದ ಬಾಡಿಗೆ ‘ಆಡಳಿತ’ದ ವೆಚ್ಚವಾಗುವ ವರ್ಗೀಕರಣಕ್ಕೆ ಅರ್ಥವಿಲ್ಲ. ಮಿತಿಯನ್ನು ತೆಗೆದುಹಾಕಲಾಯಿತು. ನೆರೆ ಸಮಿತಿಗೆ ತ್ರೈಮಾಸಿಕ ಕಂತುಗಳ ಬದಲು ಮಳೆಗಾಲದ ಮುಂಚೆ ಒಂದೇ ಕಂತು, ವರ್ಷಕ್ಕೊಂದೇ ವರದಿ ಎಂದಾಯಿತು.

ಇನ್ನೊಂದು ಬದಲಾವಣೆಯನ್ನು ಕೇಳಿದ್ದು ಪಾಲಕರ ಗುಂಪು. ತಮ್ಮ ಬಗ್ಗೆ ಕ್ಷೇತ್ರಾಧಿಕಾರಿ ಕಚೇರಿಗೆ ಬರೆಯುವ ಟಿಪ್ಪಣಿಗಳನ್ನು ತಾವೂ ಓದಬೇಕೆಂದರು. ಸಿಬ್ಬಂದಿಗೆ ಇದು ಇರಿಸುಮುರಿಸು ತಂದಿತು. ಮನಬಿಚ್ಚಿ ಬರೆಯಲಾಗುವುದಿಲ್ಲ ಎಂದರು. ಹಳೆಯ ಟಿಪ್ಪಣಿಗಳನ್ನು ತೆರೆದು ನೋಡಿದಾಗ, ಮನಬಿಚ್ಚಿ ಬರೆದದ್ದೆಂಬುದರಲ್ಲಿ ಬಹಳಷ್ಟು ಅವಸರದ ಊಹೆಗಳೇ ಆಗಿದ್ದವು. ಕಡತಗಳನ್ನು ತೆರೆಯಲಾಯಿತು. ಆಮೇಲಿನ ಟಿಪ್ಪಣಿಗಳು ಚಿಕ್ಕದಾದವು, ಆದರೆ ಅವುಗಳಲ್ಲಿ ತಪ್ಪುಗಳಿದ್ದರೆ ತಿದ್ದುವವರು ಸಿಕ್ಕರು.

ಇವೆಲ್ಲವನ್ನೂ ಪತ್ರದಲ್ಲಿ ತಿಳಿಸಿದರೆ ಯಾರೂ ನಂಬುವ ಸ್ಥಿತಿಯಿರಲಿಲ್ಲ. ಹಣಕಾಸು ಮುಖ್ಯಸ್ಥರೇ ಒಂಬತ್ತು ಗುಂಪುಗಳ ಸಭೆಗೆ ಹೋಗಿ, ಆರೈಕೆ ಗುಂಪಿನ ಕಂತು ತಡೆದದ್ದು ಸಂಸ್ಥೆಯ ತಪ್ಪು ನಿರ್ಧಾರವಾಗಿತ್ತೆಂದು ಎಲ್ಲರೆದುರು ಹೇಳಿದರು. ಸಭೆಯ ನಡಾವಳಿಯಲ್ಲಿ ಆ ಮಾತು ದಾಖಲಾಗಿದೆ, ಅದರ ಕೆಳಗೆ ಅವರ ಸಹಿಯಿದೆ.

ಪರೀಕ್ಷೆ

ಷರತ್ತುಗಳು ಬದಲಾಗಿ ಒಂದು ವರ್ಷವೂ ಆಗಿರಲಿಲ್ಲ, ಓದು ಗುಂಪಿನ ಇಬ್ಬರು ಸದಸ್ಯರು ಕ್ಷೇತ್ರಾಧಿಕಾರಿಯ ಬಳಿ ಬಂದು, ತಮ್ಮ ಖಜಾಂಚಿ ಗುಂಪಿನ ಹಣದಲ್ಲಿ ಒಂದು ಭಾಗವನ್ನು ಮನೆಯ ತುರ್ತಿಗೆ ಬಳಸಿಕೊಂಡಿದ್ದಾನೆ, ಸದ್ಯಕ್ಕೆ ಹಿಂದಿರುಗಿಸುವ ಸ್ಥಿತಿಯಲ್ಲಿಲ್ಲ ಎಂದು ತಿಳಿಸಿದರು. ಇದು ಶೀರ್ಷಿಕೆ ಬದಲಿಸಿದ ವಿಷಯವಲ್ಲ, ಹಣ ದುರ್ಬಳಕೆಯಾದ ವಿಷಯ. ಹೊಸ ಒಡಂಬಡಿಕೆಯನ್ನು ಬರೆಯುವಾಗ ಇವೆರಡನ್ನೂ ಬೇರೆಬೇರೆಯಾಗಿ ಹೆಸರಿಸಿ, ದುರ್ಬಳಕೆಯ ಸಂದರ್ಭದಲ್ಲಿ ಮೊದಲ ತೀರ್ಮಾನದ ಹೊಣೆಯನ್ನು ಗುಂಪಿಗೇ ಕೊಟ್ಟು, ಅದು ಸಾಲದೆನಿಸಿದರೆ ಮಾತ್ರ ಸಂಸ್ಥೆ ಮಧ್ಯೆ ಬರುವುದೆಂದು ಬರೆದಿದ್ದರಿಂದ, ಕನಿಷ್ಠ ಮುಂದಿನ ಹೆಜ್ಜೆ ಏನೆಂಬ ಗೊಂದಲವಿರಲಿಲ್ಲ.

ಗುಂಪು ಸಭೆ ಸೇರಿ ಖಜಾಂಚಿಯನ್ನು ಹುದ್ದೆಯಿಂದ ಇಳಿಸಿತು, ಸದಸ್ಯತ್ವದಿಂದ ತೆಗೆಯಲಿಲ್ಲ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಕಡ್ಡಾಯವಾಯಿತು. ಹಣವನ್ನು ಸಣ್ಣ ಕಂತುಗಳಲ್ಲಿ ಹಿಂದಿರುಗಿಸುವುದೆಂದು ಒಪ್ಪಂದವಾಯಿತು. ಹೆಚ್ಚಿನ ಭಾಗ ಮರಳಿ ಬಂತು, ಉಳಿದದ್ದು ಬರಲಿಲ್ಲ. ಆ ಉಳಿದ ಭಾಗವನ್ನು ದಾನಿ ಸಂಸ್ಥೆ ತನ್ನ ನಷ್ಟವೆಂದು ಬರೆದುಕೊಂಡು, ಗುಂಪಿನ ಅನುದಾನವನ್ನು ಮುಂದುವರಿಸಿತು. ಟ್ರಸ್ಟಿಗಳ ಸಭೆಯಲ್ಲಿ ಇದು ಒಮ್ಮತದಿಂದ ಆದ ನಿರ್ಧಾರವಲ್ಲ. ವಿರೋಧಿಸಿದವರ ವಾದದಲ್ಲಿ ತೂಕವಿತ್ತು: ದಾನದ ಹಣ ಟ್ರಸ್ಟಿಗಳ ಸ್ವಂತದ್ದಲ್ಲ, ಅದನ್ನು ಕ್ಷಮಿಸುವ ಅಧಿಕಾರ ಅವರಿಗೆ ಎಷ್ಟರ ಮಟ್ಟಿಗಿದೆ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಪರವಾಗಿದ್ದವರು, ಈ ವಿಷಯ ತಮಗೆ ತಿಳಿದದ್ದೇ ಗುಂಪು ಹೇಳಿದ್ದರಿಂದ ಎಂಬುದನ್ನು ನೆನಪಿಸಿದರು. ಹಿಂದಿನ ನಿಯಮಗಳಡಿಯಲ್ಲಿ ಅದೇ ಮೊತ್ತ ಖೋಟಾ ವೋಚರುಗಳ ಹಿಂದೆ ಮರೆಯಾಗಿರುತ್ತಿತ್ತು, ಖಾತೆಗೆ ಇಬ್ಬರ ಸಹಿಯೂ ಬರುತ್ತಿರಲಿಲ್ಲ.

ಎಲ್ಲರೂ ಮೆಚ್ಚುವ ಮುಕ್ತಾಯವೊಂದು ಇಲ್ಲಿ ಸಿಗುತ್ತಿತ್ತು, ಆರೈಕೆ ಗುಂಪು ಇಲ್ಲದಿದ್ದರೆ. ಓದು ಗುಂಪಿನ ವಿಷಯ ತಿಳಿದಾಗ ಅವರಿಗೆ ಕೋಪ ಬಂತು. ವೃದ್ಧರ ಜೀವ ಉಳಿಸಲು ಖರ್ಚುಮಾಡಿದ ನಮ್ಮ ಕಂತನ್ನು ತಡೆದಿರಿ, ಸ್ವಂತಕ್ಕೆ ಬಳಸಿಕೊಂಡವರ ಗುಂಪಿಗೆ ಹಣ ಮುಂದುವರಿಸಿದಿರಿ ಎಂಬುದು ಅವರ ಮಾತು. ನಿಯಮ ಬದಲಾಗಿದೆಯೆಂಬ ಉತ್ತರ ಸರಿಯಾದದ್ದೇ ಆಗಿದ್ದರೂ, ನಿಯಮ ಬದಲಾಗಲು ನಷ್ಟ ಅನುಭವಿಸಿದವರು ತಾವು, ಲಾಭ ಪಡೆದವರು ಬೇರೆಯವರು ಎಂಬ ಅವರ ದೂರಿಗೆ ಅದು ಉತ್ತರವಾಗಲಿಲ್ಲ. ಆರು ವಾರಗಳ ಸಂಭಾವನೆಯ ಜೊತೆಗೆ ಬಿಟ್ಟುಹೋದ ಸದಸ್ಯೆಯ ಜಾಗಕ್ಕೆ ಹೊಸಬರನ್ನು ತರಬೇತುಗೊಳಿಸಲು ಬೇಕಾದ ಹಣವನ್ನು ಸಂಸ್ಥೆ ನೀಡಲು ಮುಂದಾಯಿತು. ಗುಂಪು ಅದನ್ನು ತೆಗೆದುಕೊಂಡಿತು. ಆದರೆ ತನ್ನ ವಾರ್ಷಿಕ ಸಭೆಗೆ ದಾನಿ ಸಂಸ್ಥೆಯನ್ನು ಕರೆಯುವುದನ್ನು ನಿಲ್ಲಿಸಿತು, ಇನ್ನೂ ಪುನರಾರಂಭಿಸಿಲ್ಲ. ವರದಿಗಳು ಸಮಯಕ್ಕೆ ಬರುತ್ತವೆ, ಲೆಕ್ಕ ಸರಿಯಿರುತ್ತದೆ, ಸಂಬಂಧ ಅಷ್ಟರಲ್ಲೇ ನಿಂತಿದೆ. ಅದನ್ನು ಸರಿಪಡಿಸಬೇಕೆಂಬ ಉತ್ಸಾಹದಲ್ಲಿ ಪದೇ ಪದೇ ಭೇಟಿ ನೀಡದೆ, ಅವರು ಬಯಸಿದ ದೂರದಲ್ಲಿಯೇ ಸಂಸ್ಥೆ ಉಳಿದದ್ದು ವಿವೇಕದ ನಡೆಯೆಂದು ನನಗೆ ತೋರುತ್ತದೆ. ಹಣ ಪಡೆದವರು ಸ್ನೇಹವನ್ನೂ ಕೊಡಬೇಕೆಂಬ ನಿರೀಕ್ಷೆ ದಾನಿಗಳಲ್ಲಿ ತಿಳಿಯದೆಯೇ ಬೆಳೆಯುತ್ತದೆ.

ಕ್ಷೇತ್ರಾಧಿಕಾರಿ ಬದಲಾದಾಗ

ನಾಲ್ಕನೆಯ ವರ್ಷದ ಆರಂಭದಲ್ಲಿ ಕ್ಷೇತ್ರಾಧಿಕಾರಿ ಕುಟುಂಬದ ಕಾರಣದಿಂದ ಕೆಲಸ ಬಿಡುವುದಾಗಿ ತಿಳಿಸಿದರು. ಅದುವರೆಗೆ ಸಂಸ್ಥೆಯೊಂದಿಗಿನ ಸಂಬಂಧವೆಂದು ಕರೆಯುತ್ತಿದ್ದದ್ದರಲ್ಲಿ ಎಷ್ಟು ಪಾಲು ಒಬ್ಬ ವ್ಯಕ್ತಿಯೊಂದಿಗಿನ ಸಂಬಂಧವಾಗಿತ್ತು ಎಂಬುದು ಆಗ ಕಚೇರಿಗೆ ಅರಿವಾಯಿತು. ಹೊಸಬರ ಆಯ್ಕೆಯ ಸಂದರ್ಶನದಲ್ಲಿ ಗುಂಪುಗಳ ಇಬ್ಬರು ಪ್ರತಿನಿಧಿಗಳನ್ನು ಕೂರಿಸಲಾಯಿತು. ಸಿಬ್ಬಂದಿ ಅಭ್ಯರ್ಥಿಗಳ ವಿದ್ಯಾರ್ಹತೆ, ಅನುಭವಗಳನ್ನು ವಿಚಾರಿಸಿದರು. ಪ್ರತಿನಿಧಿಗಳಲ್ಲಿ ಒಬ್ಬರು ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿದರು: ನಾವು ನಿಮಗೆ ಒಂದು ತೊಂದರೆ ಹೇಳಿದರೆ, ಅದನ್ನು ಎಲ್ಲಿ, ಯಾವ ಮಾತಿನಲ್ಲಿ ಬರೆಯುತ್ತೀರಿ? ಯಾರಿಗೂ ಹೇಳುವುದಿಲ್ಲ, ಗುಟ್ಟಾಗಿಡುತ್ತೇನೆ ಎಂದವರಿಗೆ ಅವರು ಅಂಕ ಕೊಡಲಿಲ್ಲ. ಬರೆಯುವ ಮುನ್ನ ನಿಮಗೆ ಓದಿಹೇಳುತ್ತೇನೆ ಎಂದವರು ಆಯ್ಕೆಯಾದರು, ಅವರು ಕಚೇರಿಯ ಮೊದಲ ಆಯ್ಕೆಯಾಗಿರಲಿಲ್ಲ. ಹಳಬರೂ ಹೊಸಬರೂ ಮೂರು ತಿಂಗಳು ಜೊತೆಯಾಗಿ ಕೆಲಸ ಮಾಡಿದರು. ಆ ಮೂರು ತಿಂಗಳ ಎರಡು ಸಂಬಳ ಲೆಕ್ಕಪತ್ರದಲ್ಲಿ ದುಬಾರಿಯಾಗಿ ಕಂಡರೂ, ಗುಂಪುಗಳು ಮತ್ತೆ ಮೊದಲಿನಿಂದ ತಮ್ಮ ಕಥೆ ಹೇಳಬೇಕಾಗಲಿಲ್ಲ.

ಫಲಿತಾಂಶ

ಐದು ವರ್ಷಗಳ ಅವಧಿ ಮುಗಿಯುವ ವಿಷಯವನ್ನು ಹದಿನೆಂಟು ತಿಂಗಳು ಮೊದಲೇ ಗುಂಪುಗಳಿಗೆ ತಿಳಿಸಲಾಗಿತ್ತು. ಒಂಬತ್ತರಲ್ಲಿ ಐದು ಗುಂಪುಗಳು ಬೇರೆ ಮೂಲಗಳಿಂದಲೋ ಸದಸ್ಯರ ವಂತಿಗೆಯಿಂದಲೋ ಮುಂದುವರಿದಿವೆ, ಎರಡು ಒಂದಾಗಿವೆ, ಒಂದು ನಿಂತುಹೋಗಿದೆ. ಉಳಿದ ಒಂದು ನೆರೆ ಸಮಿತಿ. ದೋಣಿಗಳೂ ಇಂಧನಕ್ಕಾಗಿ ಒಂದು ಸಣ್ಣ ನಿಧಿಯೂ ತನ್ನ ಕೈಯಲ್ಲಿರುವುದರಿಂದ ಇನ್ನು ಅನುದಾನ ಬೇಡವೆಂದು ಅದು ತಾನೇ ಹೇಳಿತು. ನಿಂತುಹೋದ ಗುಂಪಿನ ವಿಷಯದಲ್ಲಿ ಸಂಸ್ಥೆ ಇನ್ನೇನಾದರೂ ಮಾಡಬಹುದಿತ್ತೇ ಎಂದು ಕೇಳಿದಾಗ, ಅದರ ಸದಸ್ಯರು ತಮ್ಮ ಕೆಲಸದ ಅಗತ್ಯವೇ ತೀರಿತೆಂದರು. ಇದು ಪೂರ್ತಿ ನಿಜವೋ ಸೌಜನ್ಯದ ಮಾತೋ ಎಂಬುದನ್ನು ನಿರ್ಧರಿಸಲು ನನ್ನ ಬಳಿ ಆಧಾರವಿಲ್ಲ.

ಈ ಪ್ರಕರಣವನ್ನು ಬೇರೆಡೆಗೆ ಅನ್ವಯಿಸುವವರು ಗಮನಿಸಬೇಕಾದ ಮಿತಿಗಳಿವೆ. ಇಲ್ಲಿ ಗುಂಪುಗಳ ಸಂಖ್ಯೆ ಕಡಿಮೆಯಿತ್ತು, ಮೊತ್ತಗಳು ಚಿಕ್ಕವಿದ್ದವು, ಓದು ಗುಂಪಿನ ನಷ್ಟವನ್ನು ನುಂಗಿಕೊಳ್ಳುವಷ್ಟು ಸ್ವಂತ ನಿಧಿ ದಾನಿಗೆ ಇತ್ತು. ಸಾರ್ವಜನಿಕರಿಂದ ವರ್ಷವರ್ಷವೂ ಚಂದಾ ಎತ್ತಿ ಅನುದಾನ ನೀಡುವ ಸಂಸ್ಥೆಗೆ ಅಂಥ ನಷ್ಟವನ್ನು ಸಮರ್ಥಿಸುವುದು ಇನ್ನಷ್ಟು ಕಷ್ಟ. ಅನುದಾನದ ಮೊತ್ತಕ್ಕೆ ಹೋಲಿಸಿದರೆ ಸಿಬ್ಬಂದಿಯ ವೆಚ್ಚವೂ ಇಲ್ಲಿ ದೊಡ್ಡದೇ ಆಗಿತ್ತು: ಒಂದು ದೊಡ್ಡ ಸಂಸ್ಥೆಗೆ ಅನುದಾನ ನೀಡಲು ಬೇಕಾಗುವ ಶ್ರಮಕ್ಕಿಂತ ಒಂಬತ್ತು ಸಣ್ಣ ಗುಂಪುಗಳೊಂದಿಗೆ ಇರಲು ಬೇಕಾಗುವ ಶ್ರಮ ಬಹಳ ಹೆಚ್ಚು, ಅದನ್ನು ಉಳಿಸುವ ಉಪಾಯ ಈ ಐದು ವರ್ಷಗಳಲ್ಲಿ ಯಾರಿಗೂ ಹೊಳೆಯಲಿಲ್ಲ.

ಇದೇ ವಿಧಾನವನ್ನು ಇನ್ನೊಂದು ಪ್ರದೇಶದಲ್ಲಿ ಆರಂಭಿಸಬೇಕೇ ಎಂಬ ಪ್ರಸ್ತಾವ ಈಗ ಟ್ರಸ್ಟಿಗಳ ಮುಂದಿದೆ. ಇಬ್ಬರು ವಿರೋಧಿಸಿದ್ದಾರೆ, ವೆಚ್ಚವೇ ಅವರ ಮುಖ್ಯ ಆಕ್ಷೇಪ. ಹಣಕಾಸು ಮುಖ್ಯಸ್ಥರು ಪ್ರಸ್ತಾವದ ಪರವಾಗಿ ಟಿಪ್ಪಣಿ ಸಲ್ಲಿಸಿ, ಅದರೊಂದಿಗೆ ಎರಡನೆಯ ವರ್ಷದ ಆ ಕಲೆಯಿಲ್ಲದ ವರದಿಗಳನ್ನೂ ನಾಲ್ಕನೆಯ ವರ್ಷದ, ತೊಂದರೆಗಳಿಂದ ತುಂಬಿದ ವರದಿಗಳನ್ನೂ ಲಗತ್ತಿಸಿದ್ದಾರೆ. ನಾಲ್ಕನೆಯ ವರ್ಷದ ವರದಿಗಳು ಟ್ರಸ್ಟಿಗಳ ಕೈಸೇರುವ ಮುನ್ನ, ಅವುಗಳನ್ನು ಬರೆದ ಗುಂಪುಗಳಿಂದ ಅವರು ಲಿಖಿತ ಒಪ್ಪಿಗೆ ಪಡೆದಿದ್ದರು. ಒಪ್ಪಿಗೆ ಕೊಡದ ಆರೈಕೆ ಗುಂಪಿನ ವರದಿ ಆ ಕಟ್ಟಿನಲ್ಲಿಲ್ಲ.